ಗಾದಿ ಹೊತ್ತವರು

ನಾವು ಗೆಳೆಯರು ಗುಂಡುಕಲ್ಲು ಹತ್ತಲು ಹೋದ ಊರಿನ ಹೆಸರನ್ನು, ನಮ್ಮ ನಡುವೆ ಆಣೆಯಾಗಿರುವುದರಿಂದ, ನಾನು ಬರೆಯುವಂತಿಲ್ಲ. ಆದರೆ ಗಂಗಾವತಿಯಿಂದ ಕೊಪ್ಪಳದ ಕಡೆಗೆ ಹೋಗುವಾಗ ಎಲ್ಲಿಯೋ ಒಂದು ಕಡೆ ಎಂದರೆ, ಆ ಸೀಮೆಯ ತುಂಬ ಗುಂಡುಗಳೇ ಇರುವುದರಿಂದ, ಆಣೆ ಮುರಿದಂತಾಗುವುದಿಲ್ಲವೆಂದು ನಮ್ಮ ವಕೀಲರು ಅಭಿಪ್ರಾಯ ಕೊಟ್ಟಿದ್ದಾರೆ. ಹಂಪಿಯಲ್ಲೂ ಸಾಣಾಪುರದಲ್ಲೂ ಹಗ್ಗವಿಲ್ಲದೆ ಗುಂಡು ಹತ್ತುವವರು ದೇಶ ವಿದೇಶಗಳಿಂದ ಬಂದು ನೆರೆಯುವುದರಿಂದ, ಯಾರೂ ಮುಟ್ಟದ ಕಲ್ಲು ನಮಗೇ ಸಿಗಬೇಕೆಂಬುದು ವಕೀಲರ ಹಟವಾಗಿತ್ತು.

"ಯಾರೂ ಮುಟ್ಟದ ಕಲ್ಲು ಎಂದರೇನು? ಮಳೆ ಮುಟ್ಟಿದ್ದರಿಂದಲೇ ಅದು ಗುಂಡಾಗಿದೆ" ಎಂದು ಭೂವಿಜ್ಞಾನದ ಮೇಷ್ಟ್ರು ಆರಂಭಿಸಿದರು. ರಾಮನಗರದ ಹಳೆಯ ಹೆಸರನ್ನೇ ಹೊತ್ತಿರುವ ಕ್ಲೋಸ್‌ಪೇಟೆ ಗ್ರಾನೈಟ್ ಪಟ್ಟಿ ಹಂಪಿಯವರೆಗೂ ಹಬ್ಬಿದೆ, ಸುಮಾರು 250 ಕೋಟಿ ವರ್ಷ ಹಳೆಯದು, ಬಂಡೆಯ ಸೀಳುಗಳಲ್ಲಿ ನೀರು ಇಳಿದು ಮೂಲೆಗಳನ್ನು ಮೊದಲು ತಿಂದುಹಾಕುತ್ತದೆ ಎಂದು ಅವರು ವಿವರಿಸುವಷ್ಟರಲ್ಲಿ ಬಿಸಿಲು ಏರಿತು. ಕಲ್ಲು ಕಾದರೆ ಬೆರಳು ಬೆವರಿ ಜಾರುವುದರಿಂದ, ಚಳಿಗಾಲದಲ್ಲಿ ಕೂಡ ಈ ಕೆಲಸ ಬೆಳಗಿನ ತಂಪಿನಲ್ಲೇ ಮುಗಿಯಬೇಕು. ಮೇಷ್ಟ್ರಿಗೆ ಇದು ಗೊತ್ತಿಲ್ಲದ ಸಂಗತಿಯಲ್ಲ; ಆದರೆ ಪಾಠಕ್ಕೆ ಗಂಟೆ ಹೊಡೆಯುವವರು ಅಲ್ಲಿ ಯಾರೂ ಇರಲಿಲ್ಲ.

ಬಿದ್ದರೆ ಪೆಟ್ಟಾಗದಿರಲೆಂದು ಗುಂಡಿನ ಕೆಳಗೆ ಹಾಸುವ ದಪ್ಪ ಮೆತ್ತೆಯನ್ನು, ಅಂದರೆ ಕ್ರ್ಯಾಶ್ ಪ್ಯಾಡನ್ನು, ನಾನು ಬೆನ್ನಿಗೆ ಕಟ್ಟಿಕೊಂಡಿದ್ದೆ. ಊರಿನ ಕಟ್ಟೆಯ ಮೇಲಿದ್ದ ಹಿರಿಯರೊಬ್ಬರು "ಗಾದಿ ಎಷ್ಟಕ್ಕ ಕೊಡ್ತೀರಿ?" ಎಂದು ವಿಚಾರಿಸಿದರು. ಮಾರಾಟಕ್ಕಲ್ಲ, ಬೀಳುವುದಕ್ಕೆ ಎಂದೆ. "ಬೀಳಾಕ ಅಷ್ಟು ದೂರ ಯಾಕ ಬಂದ್ರಿ?" ಎಂಬ ಅವರ ಮರುಪ್ರಶ್ನೆಗೆ, ಸುಪ್ರೀಂ ಕೋರ್ಟಿಗೂ ಹೆದರದ ನಮ್ಮ ವಕೀಲರ ಬಳಿಯೂ ಉತ್ತರವಿರಲಿಲ್ಲ. ಹಿರಿಯರು ಮುನ್ನೂರು ರೂಪಾಯಿ ಎಂದು ತಾವೇ ಬೆಲೆ ಕಟ್ಟಿ, ಬೇಸರವಿಲ್ಲದೆ ನಮ್ಮ ಹಿಂದೆಯೇ ಬಂದರು.

ಹೊಸ ಜಾಗದಲ್ಲಿ ಹತ್ತುವುದಕ್ಕಿಂತ ಮೊದಲಿನ ಕೆಲಸವೇ ಹೆಚ್ಚು. ಈ ಸೀಮೆಯ ಕರಡಿಗಳು ಹಗಲು ಕಲ್ಲುಗಳ ಸಂದಿಯಲ್ಲಿ ಮಲಗುವುದರಿಂದ ಪ್ರತಿ ಪೊಟರೆಯನ್ನೂ ದೂರದಿಂದ ನೋಡಬೇಕು. ಹೆಜ್ಜೇನು ಇದೆಯೇ ಎಂದು ತಲೆಯೆತ್ತಬೇಕು. ಹಿಡಿಯುವ ಅಂಚನ್ನು ತಟ್ಟಿ, ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಬೇಕು. ಎಲ್ಲಕ್ಕಿಂತ ಮೊದಲು ಇಳಿಯುವ ದಾರಿಯನ್ನು ನೋಡಿಕೊಳ್ಳಬೇಕು. ಇಷ್ಟನ್ನೂ ನಾನು ಹೇಳುತ್ತಿರುವಾಗಲೇ ವಕೀಲರು ಒಂದೂವರೆ ಆಳೆತ್ತರದ ಗುಂಡಿನ ನೆತ್ತಿಯನ್ನು ತಲುಪಿದ್ದರು.

"ಇದಕ್ಕೆ ವಿ-4 ಕೊಡಬಹುದು" ಎಂದು ಮೇಲಿನಿಂದ ತೀರ್ಪು ಬಂತು. ಗುಂಡು ಹತ್ತುವ ಕಷ್ಟವನ್ನು ಅಳೆಯುವ ಈ ಅಂಕದ ವಿ ಎಂಬ ಅಕ್ಷರ ಜಾನ್ ಶೆರ್ಮನ್ ಎಂಬ ಅಮೆರಿಕನ್ ಗುಂಡು ಹತ್ತುಗನ 'ವರ್ಮಿನ್' ಎಂಬ ಅಡ್ಡಹೆಸರಿನಿಂದ ಬಂದದ್ದೆಂದೂ, ಟೆಕ್ಸಾಸಿನ ಹ್ಯೂಕೋ ಟ್ಯಾಂಕ್ಸ್ ಬಂಡೆಗಳಿಗಾಗಿ ಹುಟ್ಟಿದ ಆ ಅಳತೆ ಸೊನ್ನೆಯಿಂದ ಈಗ 17ರವರೆಗೆ ಬೆಳೆದಿದೆಯೆಂದೂ ನಾನು ತಿಳಿಸಿ, ನಿಮ್ಮದು ಸೊನ್ನೆಗೂ ಕೆಳಗಿನದು ಎಂದೆ.

"ವಿ ಎಂದರೆ ವಕೀಲ, ಹತ್ತಿದವನೇ ಅಂಕ ಕೊಡತಕ್ಕದ್ದು" ಎಂದರು ಅವರು.

"ಸರಿ, ಇಳಿದು ಬಂದು ವಾದಿಸಿ" ಎಂದರು ಮೇಷ್ಟ್ರು.

ಅಲ್ಲಿಗೆ ವಾದ ನಿಂತಿತು. ಗುಂಡು ನಾಲ್ಕೂ ಕಡೆ ನುಣುಪಾಗಿತ್ತು. ಮೊದಲು ಅರ್ಜಿ, ಆಮೇಲೆ ಮೇಲ್ಮನವಿ, ಕೊನೆಗೆ ಕರುಣೆಯ ಬೇಡಿಕೆ, ಹೀಗೆ ಅವರ ದನಿ ಹಂತಹಂತವಾಗಿ ಇಳಿಯಿತೇ ಹೊರತು ಅವರು ಇಳಿಯಲಿಲ್ಲ. ಬೀಳುವವರನ್ನು ಎತ್ತಿ ಹಿಡಿಯಬಾರದು, ಸೊಂಟಕ್ಕೆ ಕೈಕೊಟ್ಟು ಗಾದಿಯ ಕಡೆಗೆ ತಿರುಗಿಸಬೇಕೆಂಬುದು ನಿಯಮ. ಅವರ ತೂಕವನ್ನು ನೋಡಿದ ಮೇಷ್ಟ್ರು ಆ ನಿಯಮದ ಮೊದಲರ್ಧವನ್ನು ಮಾತ್ರ ಪಾಲಿಸಿದರು. ವಕೀಲರು ಹೊಟ್ಟೆಯ ಮೇಲೆ ಜಾರುತ್ತ ಬಂದು ದೊಪ್ಪನೆ ಬಿದ್ದು, ಎದ್ದು, ಧೂಳು ಕೊಡವಿಕೊಂಡು, "ವಿ-4ಕ್ಕೆ ಕಡಿಮೆಯಿಲ್ಲ" ಎಂದರು.

ಹಿರಿಯರು ಬಂದು ಗಾದಿಯನ್ನು ಬೆರಳಿನಿಂದ ಒತ್ತಿ ನೋಡಿದರು.

"ಐದು ನೂರು ಕೊಡ್ತೀನ್ರಿ."