ಮಾವು, ಕಿತ್ತಳೆ ಹಾಕಿದ ಬೆಲ್ಜಿಯನ್ ವಿಟ್: ಮನೆಯಲ್ಲಿ ಮಾಡಿದವರು ಅನುಭವ ಹೇಳಿ

ಎಡಿಸನ್ ಹುಡುಗ
ನ್ಯೂಜೆರ್ಸಿಯ ಎಡಿಸನ್‌ನಲ್ಲಿದ್ದೇನೆ. ಪೇಲ್ ಏಲ್, ಸ್ಟೌಟ್ ಬಿಯರ್ ಎಲ್ಲ ಆಲ್‌ಗ್ರೇನ್‌ನಲ್ಲೇ, ಅಂದರೆ ಕಿಟ್ ಇಲ್ಲದೆ ಧಾನ್ಯದಿಂದಲೇ ಮಾಡ್ತೀನಿ, ವಿಟ್ ಅನ್ನೋ ಮಬ್ಬು ಗೋಧಿ ಬಿಯರ್ ಮಾತ್ರ ಹೊಸದು. 19 ಲೀಟರ್ ಬ್ಯಾಚ್, ಕೆಗ್ (ಬಿಯರ್ ಪೀಪಾಯಿ) ಇಲ್ಲ, ಬಾಟಲಿಗೇ ತುಂಬಬೇಕು. ಮಾವು, ಕಿತ್ತಳೆ ಎರಡೂ ಬೇಕು ಅಂತ ಮನೆಯವರ ಹಟ. ಮಾಲ್ಟ್ ಮಾಡದ (ಮೊಳಕೆ ಬರಿಸಿ ಒಣಗಿಸದ) ಗೋಧಿಯೇ ಬೇಕಾ, ಗೋಧಿ ಫ್ಲೇಕ್ಸ್ ಸಾಕಾ? ಸಿಪ್ಪೆ ಒಣಗಿದ್ದಾ, ಹಸೀದಾ? ಇಂಡಿಯನ್ ಅಂಗಡಿಯ ಡಬ್ಬಿ ಪಲ್ಪ್ ಯಾವ ಹಂತದಲ್ಲಿ ಹಾಕಬೇಕು?

ನುಚ್ಚಿನ ಪಾತ್ರೆ
ಫ್ಲೇಕ್ಸ್ ಹಾಕಿ ಮಾಡಿದ್ದನ್ನ ವಿಟ್ ಅಂತ ಕರೆಯೋಕೆ ನನಗಂತೂ ಮನಸ್ಸು ಬರಲ್ಲ. ಬೆಲ್ಜಿಯಂನ ಹೂಗಾರ್ಡನ್ ಊರಿನ ಕೊನೆಯ ವಿಟ್ ಬ್ರೂವರಿ 1950ರ ದಶಕದಲ್ಲಿ ಮುಚ್ಚಿತು. 1966ರಲ್ಲಿ ಆ ಬಿಯರನ್ನ ಮತ್ತೆ ಶುರು ಮಾಡಿದ ಪಿಯೆರ್ ಸೆಲಿಸ್ ಹಾಲು ಮಾರ್ತಿದ್ದವರು, ಅವರು ಹಾಕಿದ್ದೂ ಹಸಿ ಗೋಧಿಯೇ. ನಮ್ಮವರಿಗೆ ಅದೇನು ಸಿಗದ ವಸ್ತುವಾ? ಇಂಡಿಯನ್ ಅಂಗಡಿಯ ಗೋಧಿ ನುಚ್ಚು ತಗೊಳ್ಳಿ, ಮಿಲ್ ಮಾಡೋ ಕೆಲಸವೂ ಇಲ್ಲ. ಚಿರೋಟಿ ರವೆ ಮುಟ್ಟಬೇಡಿ, ಗಂಜಿಯಾಗಿ ಜಾಲರಿಗೆ ಕೂತುಬಿಡುತ್ತೆ.

ಪಿಲ್ಸ್ನರ್ ಮಾಲ್ಟ್ 2.4 ಕೆಜಿ, ನುಚ್ಚು 1.9 ಕೆಜಿ, ಓಟ್ಸ್ 250 ಗ್ರಾಂ, ಭತ್ತದ ಹೊಟ್ಟು 250 ಗ್ರಾಂ. ನುಚ್ಚಿನ ಜೊತೆ 250 ಗ್ರಾಂ ಮಾಲ್ಟ್ ಸೇರಿಸಿ 8 ಲೀಟರ್ ನೀರಲ್ಲಿ 65 ಡಿಗ್ರಿಯಲ್ಲಿ 15 ನಿಮಿಷ ಬಿಡಿ. ಆ ಮಾಲ್ಟ್ ಇಲ್ಲದಿದ್ದರೆ ಕುದಿಯುವಾಗ ಸೌಟು ಆಡಲ್ಲ. ಆಮೇಲೆ 20 ನಿಮಿಷ ಕುದಿಸಿ, ಕೈ ಬಿಡದೆ ತಿರುವಿ. ತಳ ಹಿಡಿದರೆ ಸುಟ್ಟ ವಾಸನೆ ಕೊನೇ ಬಾಟಲಿವರೆಗೂ ಇರುತ್ತೆ. ಉಳಿದ ಮಾಲ್ಟ್ ಇನ್ನೊಂದು ಪಾತ್ರೆಯಲ್ಲಿ 50 ಡಿಗ್ರಿಯಲ್ಲಿ ಕಾಯ್ತಿರಲಿ. ಕುದಿದ ನುಚ್ಚನ್ನ ಅದಕ್ಕೆ ಒಮ್ಮೆಲೇ ಸುರಿದರೆ 72ಕ್ಕೆ ಹಾರುತ್ತೆ. ಸೌಟು ಸೌಟಾಗಿ ಹಾಕ್ತಾ 66 ಬಂದ ತಕ್ಷಣ ನಿಲ್ಲಿಸಿ, ಮಿಕ್ಕಿದ್ದನ್ನ ಆರಿಸಿ ಸೇರಿಸಿ. ಒಂದು ಗಂಟೆ ಮ್ಯಾಶ್, ಅಂದರೆ ಪಿಷ್ಟ ಸಕ್ಕರೆಯಾಗೋಕೆ ಬಿಸಿನೀರಲ್ಲಿ ನೆನೆಸಿಡೋದು. ಸಾಝ್ ಹಾಪ್ಸ್ (ಕಹಿ ಕೊಡೋ ಹೂವು) 28 ಗ್ರಾಂ ಹಾಕಿ 60 ನಿಮಿಷ ಕುದಿಸಿ, ಕಹಿಯ ಅಳತೆ (IBU) 11ರ ಆಸುಪಾಸು, ಅಷ್ಟು ಸಾಕು. ಶುರುವಿನ ಗ್ರ್ಯಾವಿಟಿ (ಸಕ್ಕರೆಯಿಂದ ಬರೋ ಸಾಂದ್ರತೆ, ಬರೀ ನೀರಿಗೆ 1.000) 1.048 ಬರುತ್ತೆ.

ಇಷ್ಟು ಮಾಡೋಕೆ ಆಗಲ್ಲ ಅನ್ನೋರು ಲಾಗರ್ ಕಿಟ್ ತಗೊಳ್ಳಿ.

ಚೀಲದ ಬ್ರೂ
ಒಂದು ಪ್ರಶ್ನೆ ಸ್ವಾಮಿ. ಗೋಧಿ ಒಂದು ಪಾತ್ರೆಯಲ್ಲಿ ಕುದೀತಿದೆ, ಇನ್ನೊಂದರಲ್ಲಿ ಬರೀ ಪಿಲ್ಸ್ನರ್ ಮಾಲ್ಟ್. ಆ 50 ಡಿಗ್ರಿ ರೆಸ್ಟ್ ಯಾರಿಗೋಸ್ಕರ? ಈಗಿನ ಮಾಲ್ಟ್‌ಗೆ ಪ್ರೋಟೀನ್ ರೆಸ್ಟ್ (ಪ್ರೋಟೀನ್ ಒಡೆಯೋಕೆ ಆ ತಾಪದಲ್ಲಿ ಬಿಡೋದು) ಬೇಡ, ಜಾಸ್ತಿ ಹೊತ್ತು ಬಿಟ್ಟರೆ ನೊರೆಯೇ ಬಡವಾಗುತ್ತೆ. ಲವಂಗದ ವಾಸನೆ ಬೇಕಿದ್ದರೆ 44 ಡಿಗ್ರಿಯಲ್ಲಿ 15 ನಿಮಿಷ ಬಿಡಿ, ಯೀಸ್ಟ್ ಆ ವಾಸನೆಯಾಗಿ ಬದಲಿಸೋ ಫೆರುಲಿಕ್ ಆಸಿಡ್ ಬಿಡುಗಡೆಯಾಗೋದು ಅಲ್ಲಿ. 50ರಲ್ಲಿ ಬಿಟ್ಟು ಸಾಧಿಸೋದು ಏನೂ ಇಲ್ಲ.

ಫ್ಲೇಕ್ಸ್ ಕೂಡ ಮಾಲ್ಟ್ ಮಾಡದ ಗೋಧಿಯೇ ಕಣ್ರೀ, ಮೊದಲೇ ಹಬೆಯಲ್ಲಿ ಬೆಂದು ಒತ್ತಿದ್ದು ಅಷ್ಟೆ. ಪಿಲ್ಸ್ನರ್ 2.4, ಗೋಧಿ ಫ್ಲೇಕ್ಸ್ 1.8, ಓಟ್ಸ್ 0.3 ಕೆಜಿ, ಚೀಲಕ್ಕೆ ಹಾಕಿ 66ರಲ್ಲಿ 75 ನಿಮಿಷ, ಎತ್ತಿ ಹಿಂಡಿದರೆ ಆಯ್ತು. ಫ್ಲೇಕ್ಸ್ ನುಚ್ಚಿಗಿಂತ ದುಬಾರಿ, ಬ್ಯಾಚಿಗೆ ಐದಾರು ಡಾಲರ್ ಜಾಸ್ತಿ ಬೀಳುತ್ತೆ, ಒಪ್ತೀನಿ. ಉಳಿಯೋದು ಎರಡು ಗಂಟೆ, ಜೊತೆಗೆ ತಳ ಹಿಡಿದ ಪಾತ್ರೆ ಉಜ್ಜೋ ಕೆಲಸ. ಬೇಸ್ ಮಾಲ್ಟ್ ಮಾತ್ರ ಪಿಲ್ಸ್ನರ್ ಅಥವಾ ಟೂ ರೋ (ಎರಡು ಸಾಲಿನ ಬಾರ್ಲಿಯದು) ಇರಲಿ. ಹೆಚ್ಚು ಕಾಯಿಸಿದ ಮ್ಯೂನಿಕ್ ಮಾಲ್ಟ್ ಹಾಕಿದರೆ ಅರ್ಧದಷ್ಟು ಹಸಿ ಗೋಧಿಯ ಪಿಷ್ಟ ಒಡೆಯೋ ಶಕ್ತಿ ಅದರ ಕಿಣ್ವಕ್ಕಿಲ್ಲ. ಬೇರೆ ತೆಗೆದ ಒಂದು ಚಮಚ ರಸಕ್ಕೆ ಅಯೋಡಿನ್ ಹನಿ ಹಾಕಿ ನೋಡಿ, ಪಿಷ್ಟದ ನೀಲಿ ಹೋಗುವವರೆಗೂ ಚೀಲ ಎತ್ತಬೇಡಿ.

ನುಚ್ಚಿನ ಪಾತ್ರೆ
ಎರಡು ಗಂಟೆ ಉಳಿಸೋಕೆ ಬಿಯರ್ ಯಾಕೆ ಮಾಡ್ಬೇಕು? ಅಂಗಡಿಗೆ ಹೋದರೆ ಹತ್ತೇ ನಿಮಿಷ.

ಧಾರವಾಡದಾಂವ
ಇವರಿಬ್ಬರ ಜಗಳ ಇರ್ಲಿ ಬಿಡ್ರಿ, ಮಸಾಲಿ ಬಗ್ಗೆ ಯಾರೂ ಹೇಳವಲ್ರು. ಕೊತ್ತಂಬರಿ ಬೀಜ ಬ್ರೂ ಅಂಗಡ್ಯಾಗ ತಗೋಬ್ಯಾಡ್ರಿ, ಔನ್ಸ್ ಲೆಕ್ಕದಾಗ ರೊಕ್ಕ ಕೀಳ್ತಾರ, ಮ್ಯಾಲೆ ಅದು ಭಾಳ ಸಲ ಮೊರೊಕ್ಕೊದ ಗುಂಡನ್ ಕಾಳು ಇರ್ತದ. ಅದರಾಗ ಸೆಲರಿ ಸೊಪ್ಪಿನ ವಾಸನಿ. ನಮ್ಮ ಕಾಳು ಸ್ವಲ್ಪ ಉದ್ದ, ಬಣ್ಣ ತಿಳಿ, ನಿಂಬಿ ವಾಸನಿ ಹೊಡೀತದ. ವಿಟ್‌ಗೆ ಅದೇ ಬೇಕು. 12ರಿಂದ 15 ಗ್ರಾಂ, ಕುಟ್ಟಾಣಿಯೊಳಗ ಎರಡು ಹೋಳು ಆಗೂಹಂಗ ಜಜ್ಜಿ, ಕುದಿ ಮುಗಿಯೂಕ 5 ನಿಮಿಷ ಇದ್ದಾಗ ಹಾಕ್ರಿ. ಹುರೀಬ್ಯಾಡ್ರಿ! ಹುರದ್ರ ಸಾರಿನ ಪುಡಿ ವಾಸನಿ ಬರ್ತದ. ಮಿಕ್ಸಿಯೊಳಗ ನುಣ್ಣಗ ಮಾಡಿದ್ರ ಗಂಟಲಿಗೆ ಹಿಡೀತದ.

ಸಿಪ್ಪಿ ವಿಷಯ. ಒಣಗಿದ ಕುರಾಸಾವ್ (ಕಹಿ ಕಿತ್ತಳಿ) ಸಿಪ್ಪಿ 15 ಗ್ರಾಂ 10 ನಿಮಿಷ ಹಾಕಿದ್ರ ಕಹಿ ಬರ್ತದ, ವಾಸನಿ ಅಷ್ಟಕ್ಕಷ್ಟ. ಹಸೀ ಸಿಪ್ಪಿನ ಛಲೋ. ನಾಲ್ಕು ನೇವಲ್ ಕಿತ್ತಳಿ, ಬಿಸಿನೀರಾಗ ತಿಕ್ಕಿ ಮೇಣ ತಗೀರಿ, ಸಣ್ಣ ತುರಿಮಣಿಯಿಂದ ಬಣ್ಣದ ಪದರ ಅಷ್ಟ ತುರೀರಿ, 30 ಗ್ರಾಂ ಸಿಗ್ತದ. ಬಿಳೀದು ಬಂದ್ರ ಒಗರು. ಒಲಿ ಆರಿಸಿದ ಮ್ಯಾಲೆ ವೋರ್ಟ್ (ಕುದಿಸಿದ ಮಾಲ್ಟ್ ರಸ) 80 ಡಿಗ್ರಿಗೆ ಇಳದಾಗ ಹಾಕಿ 10 ನಿಮಿಷ ಬಿಟ್ಟು ತಂಪ್ ಮಾಡ್ರಿ. ಕಾಳುಮೆಣಸು ಎರಡು ಮೂರು ಕಾಳು ಬೇಕಾದ್ರ ಹಾಕ್ರಿ, ಜಾಸ್ತಿ ಬ್ಯಾಡ.

ಕುಡ್ಲ ಕೆಗ್
ಕುದಿಯಲ್ಲಿ ಹಾಕಿದ ಸಿಪ್ಪೆಯ ವಾಸನೆಯಲ್ಲಿ ಮುಕ್ಕಾಲು ಪಾಲು ಹುದುಗುವಾಗ ಗ್ಯಾಸ್ ಜೊತೆ ಹೋಗ್ತದೆ ಮಾರಾಯ್ರೆ. ತುರಿದ ಸಿಪ್ಪೆಯನ್ನು 100 ಮಿಲಿ ವೋಡ್ಕಾದಲ್ಲಿ ನಾಲ್ಕೈದು ದಿನ ನೆನೆಸಿ, ಸೋಸಿ, ಬಾಟಲಿ ತುಂಬುವ ದಿನ ಹಾಕಿ. ಇಡೀ ಬಾಟಲಿ ಸುರಿಯಬೇಡಿ. 100 ಮಿಲಿ ಬಿಯರಿಗೆ 0.2, 0.3, 0.5 ಮಿಲಿ ಅಂತ ಮೂರು ಲೋಟದಲ್ಲಿ ರುಚಿ ನೋಡಿ. 0.3 ಹಿಡಿಸಿದರೆ 19 ಲೀಟರಿಗೆ 57 ಮಿಲಿ. ಎಣ್ಣೆ ಹೆಚ್ಚಾದರೆ ನೊರೆ ಎರಡು ನಿಮಿಷಕ್ಕೆ ಕೂತುಹೋಗ್ತದೆ, ಗೋಧಿ ಎಷ್ಟು ಹಾಕಿದ್ರೂ ಉಪಯೋಗ ಇಲ್ಲ.

ಮತ್ತೆ ನೀರು. ಪೇಟೆ ನೀರಲ್ಲಿ ಶುದ್ಧಿಗೆ ಹಾಕಿದ ಕ್ಲೋರಮೈನ್ ಇರಬಹುದು, ಕುದಿಸಿದರೆ ಸುಲಭಕ್ಕೆ ಹೋಗುವುದಿಲ್ಲ. ಅದನ್ನು ತೆಗೆಯುವ ಕ್ಯಾಂಪ್‌ಡೆನ್ (ಸಲ್ಫೈಟ್) ಮಾತ್ರೆ ಒಂದು 75 ಲೀಟರಿಗೆ ಸಾಕು, ನಿಮ್ಮ ಬ್ಯಾಚಿಗೆ ಅರ್ಧಕ್ಕಿಂತ ಕಡಿಮೆ. ಅದನ್ನು ಬಿಟ್ಟರೆ ಬ್ಯಾಂಡೇಜ್ ವಾಸನೆ ಬರ್ತದೆ, ಜನ ಸುಮ್ಮನೆ ಸಿಪ್ಪೆಯನ್ನು ಬಯ್ತಾರೆ. ಇಷ್ಟೆಲ್ಲ ಮಾಡಿ ಬಾಟಲಿಗೆ ಯಾಕೆ ತುಂಬ್ತೀರಿ? ಒಂದು ಕೆಗ್ ತಗೊಳ್ಳಿ.

ಯೀಸ್ಟ್ ಯಜಮಾನ
ವಿಟ್‌ನ ಅರ್ಧ ರುಚಿ ಯೀಸ್ಟಿನದು, ಅದನ್ನ ಬಿಟ್ಟು ಎಲ್ಲ ಮಾತಾಡ್ತಿದ್ದೀರಿ. ವೈಯೀಸ್ಟ್ 3944 ಅಥವಾ ವೈಟ್ ಲ್ಯಾಬ್ಸ್ 400, ಎರಡರಲ್ಲೊಂದು ದ್ರವ ಯೀಸ್ಟ್. ಪ್ಯಾಕಿಗೆ ಹತ್ತು ಡಾಲರ್ ದಾಟುತ್ತೆ, ಅದೇ ಒಣ ಯೀಸ್ಟಿನ ಎರಡರಷ್ಟು ಬೆಲೆ. ಆದರೆ ತಳದ ಯೀಸ್ಟ್ ತೊಳೆದಿಟ್ಟರೆ ಮುಂದಿನ ಬ್ಯಾಚುಗಳಿಗೂ ಬರುತ್ತೆ, ಹಣ್ಣು ಹಾಕೋ ಮೊದಲೇ ತೆಗೆದಿಟ್ಟುಕೊಳ್ಳಬೇಕು ಅಷ್ಟೆ. 18ರಲ್ಲಿ ಶುರು ಮಾಡಿ, ನೊರೆ ಬೀಳೋಕೆ ಶುರುವಾದಾಗ 22ಕ್ಕೆ ಏರಿಸಿ. ಈ ತಳಿಗೆ ಮಧ್ಯದಲ್ಲಿ ಚಳಿ ಹಿಡಿದರೆ 1.018ರಲ್ಲಿ ಕೂತುಬಿಡುತ್ತೆ, ಏನು ಮಾಡಿದರೂ ಏಳಲ್ಲ. ಮೇಲೆ ಐದು ಲೀಟರ್ ಜಾಗ ಬಿಡಿ, ಏರ್‌ಲಾಕ್ (ಗ್ಯಾಸ್ ಮಾತ್ರ ಹೊರಬಿಡೋ ಸಣ್ಣ ಸಾಧನ) ಬದಲು ನೊರೆ ಹೊರಹೋಗೋಕೆ ದಪ್ಪ ಬ್ಲೋ ಆಫ್ ಪೈಪ್ ಹಾಕಿ. ಗಂಧಕದ ವಾಸನೆ ಬಂದರೆ ಗಾಬರಿ ಬೇಡ, ತಾನೇ ಹೋಗುತ್ತೆ. ಒಣದ್ದೇ ಬೇಕಿದ್ದರೆ ಲಾಲೆಮಾಂಡ್ ವಿಟ್, 11 ಗ್ರಾಂ ಪೂರ್ತಿ.

ಡಬ್ಲ್ಯುಬಿ 06 ಅನ್ನೋ ಒಣ ಯೀಸ್ಟ್ ಮಾತ್ರ ಬಾಟಲಿ ತುಂಬೋರಿಗೆ ಬೇಡವೇ ಬೇಡ. ಅದು ಡಯಾಸ್ಟಾಟಿಕಸ್, ಬೇರೆ ಯೀಸ್ಟ್ ತಿನ್ನದೆ ಬಿಟ್ಟ ಡೆಕ್ಸ್ಟ್ರಿನ್ ಅನ್ನೋ ಪಿಷ್ಟದ ತುಣುಕುಗಳನ್ನೂ ನಿಧಾನಕ್ಕೆ ತಿನ್ನುತ್ತೆ. ಮುಗೀತು ಅಂತ ತುಂಬ್ತೀರಿ, ಅದು ಬಾಟಲಿಯೊಳಗೆ ಮುಂದುವರಿಯುತ್ತೆ.

ಚೀಲದ ಬ್ರೂ
ನಮ್ಮನೇಲಿ ಡಬ್ಲ್ಯುಬಿ 06ನೇ ಓಡೋದು. 1.005ಕ್ಕೆ ಇಳಿಯುತ್ತೆ, ಒಣಗಿದ ಚೊಕ್ಕ ಬಿಯರ್. ಇಳಿಯುವವರೆಗೂ ಕಾಯದೆ ತುಂಬೋರ ಅವಸರಕ್ಕೆ ಯೀಸ್ಟ್ ಏನು ಮಾಡುತ್ತೆ? ಮೂರು ಮೂರು ದಿನ ಬಿಟ್ಟು ಅಳೆಯಿರಿ, ಬದಲಾಗದಿದ್ದರೆ ತುಂಬಿ.

ಯೀಸ್ಟ್ ಯಜಮಾನ
ಗೀರು ಬಿದ್ದ ಪ್ಲಾಸ್ಟಿಕ್ ಬಕೆಟ್‌ನಲ್ಲಿ ಅದು ಕೂತರೆ ಮುಂದಿನ ಸ್ಟೌಟ್‌ಗೂ ಬರುತ್ತೆ. ಆಗ ಯಾರ ಅವಸರ ಅಂತೀರಿ? ಪೈಪು, ನಲ್ಲಿ, ಬಕೆಟ್ ಎಲ್ಲ ಬೇರೆ ಇಡಬೇಕು, ಅದರ ಖರ್ಚೂ ಸೇರಿಸಿ ನಿಮ್ಮ ಲೆಕ್ಕಕ್ಕೆ.

ಅಲ್ಫಾನ್ಸೋ ಆಚಾರಿ
ಮಾವಿನ ಪ್ರಶ್ನೆಗೆ ಯಾರೂ ಬರಲಿಲ್ಲ, ನಾನು ಬರ್ತೀನಿ. ಮಾವು ಹಾಕಿ ಬಾಟಲಿ ತುಂಬುವವರು ಮೊದಲು ಡಬ್ಬಿಯ ಲೇಬಲ್ ಓದಬೇಕು. ಸಕ್ಕರೆ ಹಾಕಿದ 850 ಗ್ರಾಂನ ಎರಡು ಡಬ್ಬಿ ಅಂದರೆ 1.7 ಕೆಜಿ. ನೂರಕ್ಕೆ 20 ಗ್ರಾಂ ಒಟ್ಟು ಸಕ್ಕರೆ ಅಂತ ಬರೆದಿದ್ದರೆ 340 ಗ್ರಾಂ ಸಕ್ಕರೆ ಒಳಗೆ ಹೋಯ್ತು. ಗ್ರ್ಯಾವಿಟಿಗೆ ಆರೇಳು ಪಾಯಿಂಟ್ (ಒಂದು ಪಾಯಿಂಟ್ ಅಂದರೆ 0.001). ಅದಷ್ಟೂ ಹುದುಗಿ ಮುಗಿಯೋ ಮೊದಲು ಸೀಲ್ ಮಾಡಿದರೆ ಏನಾಗುತ್ತೆ ನೋಡಿ: ಒಂದು ಪಾಯಿಂಟ್ ಉಳಿದರೆ ಅರ್ಧ ವಾಲ್ಯೂಮ್, ಅಂದರೆ ಬಿಯರಿನ ಅರ್ಧದಷ್ಟು ಗಾತ್ರದ ಗ್ಯಾಸ್. ಬಾಟಲಿಯಲ್ಲಿ ಗ್ಯಾಸ್ ಬರೋಕೆ 2.8 ವಾಲ್ಯೂಮ್‌ಗೆ ಸಕ್ಕರೆ ಹಾಕಿದ್ದೀರಿ, ಮೂರು ಪಾಯಿಂಟ್ ಉಳಿದಿತ್ತು, ಒಟ್ಟು 4.3. ಸಾಮಾನ್ಯ ಕಂದು ಬಾಟಲಿಯನ್ನ 3ರ ಮೇಲೆ ನಂಬಬಾರದು. ಗಾಜು ಗೋಡೆಗೆ ಹೊಡೆಯುತ್ತೆ. ಬೆಲ್ಜಿಯನ್ ದಪ್ಪ ಬಾಟಲಿ ಸಿಕ್ಕರೆ ಕೂಡಿಡಿ. ಸಿಗದಿದ್ದರೆ ಮುಚ್ಚಳ ಇರೋ ಪ್ಲಾಸ್ಟಿಕ್ ಡಬ್ಬದೊಳಗೆ ಬಾಟಲಿ ಇಟ್ಟು, ಅದನ್ನ ಕಪಾಟಿನಲ್ಲಿಡಿ.

ಹಾಕೋ ಹೊತ್ತು: ಗ್ರ್ಯಾವಿಟಿ 1.014ರ ಹತ್ತಿರ ಬಂದಾಗ, ಯೀಸ್ಟ್ ಇನ್ನೂ ಚುರುಕಾಗಿರುವಾಗಲೇ. ಕುದಿಯಲ್ಲಿ ಹಾಕಿದರೆ ವಾಸನೆ ಹೋಗಿ ಬೆಂದ ಹಣ್ಣಿನ ರುಚಿ ಉಳಿಯುತ್ತೆ. ಡಬ್ಬಿಯೊಳಗಿನದು ಮೊದಲೇ ಬಿಸಿ ಮಾಡಿ ಸೀಲ್ ಮಾಡಿದ್ದು, ಮತ್ತೆ ಕಾಯಿಸಬೇಡಿ. ಹೊರಗಿನ ತಗಡು, ಓಪನರ್, ಚಮಚ ಮಾತ್ರ ಸ್ಟಾರ್ ಸ್ಯಾನ್ ಸ್ಯಾನಿಟೈಸರ್‌ನಲ್ಲಿ ಅದ್ದಿ. ಹೊಯ್ಯುವಾಗ ಎತ್ತರದಿಂದ ಸುರಿಯಬೇಡಿ, ಗಾಳಿ ಸೇರಿದರೆ ಬಣ್ಣ ಕಂದಾಗಿ ರಟ್ಟಿನ ರುಚಿ ಬರುತ್ತೆ. ನಾರು ಮೇಲೆ ಬಂದು ಏರ್‌ಲಾಕ್ ಮುಚ್ಚಿದರೆ ಮುಚ್ಚಳ ಛಾವಣಿಗೆ ಹೋಗುತ್ತೆ, ಬ್ಲೋ ಆಫ್ ಪೈಪ್ ತೆಗೆಯಬೇಡಿ. ಗ್ರ್ಯಾವಿಟಿ ಅಳೆಯೋ ಹೈಡ್ರೋಮೀಟರ್‌ಗೆ ಹಾಕೋ ಬಿಯರನ್ನ ಬಟ್ಟೆಯಲ್ಲಿ ಸೋಸಿ, ಗ್ಯಾಸ್ ಹೋಗುವವರೆಗೂ ಕಲಕಿ. ಇಲ್ಲದಿದ್ದರೆ ತಪ್ಪು ಅಂಕಿ ನಂಬಿ ತುಂಬ್ತೀರಿ.

ಇನ್ನೊಂದು. ಪ್ಯೂರಿ ಅಂತ ಆನ್‌ಲೈನ್‌ನಲ್ಲಿ ಮಾರೋದರಲ್ಲಿ ಪೊಟ್ಯಾಷಿಯಂ ಸಾರ್ಬೇಟ್ ಅನ್ನೋ ಸಂರಕ್ಷಕ ಇದ್ದರೆ ಮುಗೀತು. ಯೀಸ್ಟ್ ಹೆಚ್ಚೋದೇ ಇಲ್ಲ, ಬಾಟಲಿ ಚಪ್ಪೆ, ಹಣ್ಣಿನ ಸಕ್ಕರೆ ಹಾಗೇ ಉಳಿಯುತ್ತೆ. ಅಂಥ 40 ಡಾಲರಿನ ಒಂದು ಕ್ಯಾನ್ ಹಾಕಿದ ಬ್ಯಾಚು ಪೂರ್ತಿ ಸಿಂಕ್‌ಗೆ ಹೋಗಿದೆ. ಮಾರಿದವನು ವೆಬ್ ಪುಟದಲ್ಲಿ 'ಹಣ್ಣು ಮಾತ್ರ' ಅಂತ ಹಾಕಿದ್ದ, ಕ್ಯಾನಿನ ಹಿಂದೆ ಸಣ್ಣ ಅಕ್ಷರದಲ್ಲಿ ಸಾರ್ಬೇಟ್. ದುಡ್ಡು ವಾಪಸ್ ಕೊಡಲಿಲ್ಲ.

ರಾಸ್‌ಬೆರಿ ರಾಯ
ಮಾವೇ ಯಾಕೆ? ಸಕ್ಕರೆ ಹುದುಗಿ ಹೋದ ಮೇಲೆ ಮಾವಿನ ಹಣ್ಣಿನಲ್ಲಿ ಉಳಿಯೋದು ಕುಂಬಳಕಾಯಿ ವಾಸನೆ. ವಿಟ್‌ಗೆ ಹುಳಿ ಹಣ್ಣು ಬೇಕು. ಹೂಗಾರ್ಡನ್‌ನವರೂ ತಮ್ಮ ರೋಸೆ ಬಿಯರಿಗೆ ಆರಿಸಿದ್ದು ರಾಸ್‌ಬೆರಿ. ಫ್ರೋಜನ್ 2 ಕೆಜಿ ತಗೊಳ್ಳಿ, ಹೆಪ್ಪುಗಟ್ಟಿ ಕರಗಿದರೆ ಕೋಶ ಒಡೆದು ರಸ ಬಿಡುತ್ತೆ. 70 ಡಿಗ್ರಿಗೆ ಕಾಯಿಸಿ 10 ನಿಮಿಷ, ಆರಿಸಿ, ಚೀಲದಲ್ಲಿ ಹಾಕಿ. ಸಕ್ಕರೆ ಮಾವಿನ ಮೂರರಲ್ಲೊಂದು ಪಾಲೂ ಇಲ್ಲ, ಗ್ರ್ಯಾವಿಟಿಗೆ ಎರಡೇ ಪಾಯಿಂಟ್, ಬಾಟಲಿಗೆ ಭಯ ಕಡಿಮೆ. ವಾರದೊಳಗೆ ತೆಗೆಯಿರಿ, ಇಲ್ಲದಿದ್ದರೆ ಬೀಜದ ಒಗರು ಬಿಯರಿಗೆ ಇಳಿಯುತ್ತೆ.

ಅಲ್ಫಾನ್ಸೋ ಆಚಾರಿ
ಕುಂಬಳಕಾಯಿ ವಾಸನೆ ಬಂದಿದ್ದರೆ ನೀವು ತಂದಿದ್ದು ಮಾವೇ ಅಲ್ಲ. ಪ್ರಶ್ನೆ ಕೇಳಿದವರು ಮಾವು ಅಂದಿದ್ದಾರೆ, ಓದಿ.

ಜಯನಗರ ಫೋರ್ತ್ ಬ್ಲಾಕ್
ಬೆಂಗಳೂರಿನ ಮನೆಯಲ್ಲಿ ಇದನ್ನೆಲ್ಲ ಮಾಡಬಹುದಾ? ದೇವನಹಳ್ಳಿ ಚಕ್ಕೋತದ ಸಿಪ್ಪೆ ಹಾಕಿದರೆ ಹೇಗಿರುತ್ತೆ?

ಕುಡ್ಲ ಕೆಗ್
ಬಿಯರ್ ತಯಾರಿಕೆಗೆ ಅಲ್ಲಿ 1965ರ ಅಬಕಾರಿ ಕಾಯ್ದೆಯಡಿ ಲೈಸೆನ್ಸ್ ಬೇಕು, ಮನೆಗೆ ಅಂತ ವಿನಾಯಿತಿ ಇಲ್ಲ. ಮೈಕ್ರೋಬ್ರೂವರಿಗೆ ಹೋಗಿ ಕುಡೀರಿ. ಇಲ್ಲಿ ಅಮೆರಿಕದಲ್ಲಿ 1978ರ ಕಾನೂನಿನಿಂದ ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆ ಇಲ್ಲ, ಮಾರುವಂತಿಲ್ಲ. ಅಲಬಾಮಾ, ಮಿಸಿಸಿಪ್ಪಿ ರಾಜ್ಯಗಳು ಮನೆ ಬಿಯರನ್ನು ಒಪ್ಪಿದ್ದು 2013ರಲ್ಲಿ. ಚಕ್ಕೋತದ ಸಿಪ್ಪೆಯಲ್ಲಿ ಬಿಳಿ ಪದರ ಬೆರಳು ದಪ್ಪ ಇರ್ತದೆ, ಹೊರಗಿನ ಹಸಿರು ಮಾತ್ರ ತೆಗೆಯುವ ತಾಳ್ಮೆ ಇದ್ದರೆ ಒಳ್ಳೆಯದೇ.

ಎಡಿಸನ್ ಹುಡುಗ
ಫ್ಲೇಕ್ಸ್, ಲಾಲೆಮಾಂಡ್ ವಿಟ್, ಹಸಿ ಸಿಪ್ಪೆ, ಎರಡು ಡಬ್ಬಿ ಪಲ್ಪ್ ಅಂತ ಇಟ್ಟುಕೊಂಡಿದ್ದೀನಿ. ಮಬ್ಬು ಸಾಕಾಗದಿದ್ದರೆ ಕುದಿಯಲ್ಲಿ ಒಂದು ಚಮಚ ಗೋಧಿ ಹಿಟ್ಟು ಹಾಕೋದಾ? ಲೋಟಕ್ಕೆ ಕಿತ್ತಳೆ ಹೋಳು?

ನುಚ್ಚಿನ ಪಾತ್ರೆ
ಫ್ಲೇಕ್ಸ್. ಸರಿ, ನಿಮ್ಮಿಷ್ಟ. ಹಿಟ್ಟು ಹಾಕೋದಾದರೆ ಮೈದಾ ಹಾಕಿ, ಆಟ್ಟಾ ಬೇಡ. ತಣ್ಣೀರಲ್ಲಿ ಕಲಸಿ, ಗಂಟಿಲ್ಲದೆ, ಕೊನೆಯ 10 ನಿಮಿಷಕ್ಕೆ. ಕಿತ್ತಳೆ ಹೋಳು 1995ರಲ್ಲಿ ಶುರುವಾದ ಅಮೆರಿಕದ ಬ್ಲೂ ಮೂನ್‌ನ ಚಾಳಿ.

ಧಾರವಾಡದಾಂವ
ಆಟ್ಟಾ ಯಾಕ ಬ್ಯಾಡ್ರಿ? ಮಬ್ಬು ಕೊಡೂದು ಪಿಷ್ಟ, ತವಡು ತಳಕ್ಕ ಕೂಡ್ತದ. ಎಲ್ಲಾದಕ್ಕೂ ಬ್ಯಾಡ ಬ್ಯಾಡ ಅಂದ್ರ ಹೆಂಗ?

ಅಲ್ಫಾನ್ಸೋ ಆಚಾರಿ
ಹಿಟ್ಟಿನ ಜಗಳ ಆಮೇಲೆ. ಎಡಿಸನ್ ಅವರೇ, ಎರಡು ಡಬ್ಬಿ ಪಲ್ಪ್ ಹಾಕಿದರೆ ತಳದಲ್ಲಿ ಒಂದೂವರೆ ಲೀಟರ್ ಬಗ್ಗಡ ಉಳಿಯುತ್ತೆ, ಬಾಟಲಿಗೆ ಬರೋದು 17.5ರ ಹತ್ತಿರ. 2.8 ವಾಲ್ಯೂಮ್‌ಗೆ 20 ಡಿಗ್ರಿಯಲ್ಲಿ 19 ಲೀಟರಿಗೆ 140 ಗ್ರಾಂ ಸಕ್ಕರೆ, 17.5ಕ್ಕೆ 130. ಬಾಟ್ಲಿಂಗ್ ಬಕೆಟ್ ಮೇಲೆ ಲೀಟರ್ ಗೆರೆ ಹಾಕಿಟ್ಟುಕೊಂಡು, ಇಳಿಸಿದ ಮೇಲೆ ಅಳೆದು ಸಕ್ಕರೆ ತೂಗಿ. ಮೊದಲೇ ತೂಗಿಡಬೇಡಿ. ಪೈಪಿನ ತುದಿಗೆ ಕುದಿಸಿದ ಮಸ್ಲಿನ್ ಬಟ್ಟೆ ಕಟ್ಟಿ, ಇಲ್ಲದಿದ್ದರೆ ಮೂರನೇ ಬಾಟಲಿಗೇ ನಾರು ಸಿಕ್ಕಿಕೊಳ್ಳುತ್ತೆ.