ಸಹಾಯ ಬೇಕು: ಮೊನೆರೊ ತಗೊಳ್ಳಲು ವ್ಯಾಪಾರಿಗಳನ್ನು ಒಪ್ಪಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಪರಿಚಯದ ಸಣ್ಣ ವ್ಯಾಪಾರಿಗಳಿಗೆ ಮೊನೆರೊದಲ್ಲೂ (ಬಿಟ್‌ಕಾಯಿನ್ ತರಹದ ಒಂದು ಡಿಜಿಟಲ್ ಹಣ) ಹಣ ತಗೊಳ್ಳಿ ಎಂದು ಹೇಳುತ್ತಾ ಬಂದಿದ್ದೇನೆ. "ಬಿಟ್‌ಕಾಯಿನ್ ಇದೆಯಲ್ಲ, ಇದ್ಯಾಕೆ?" ಎಂದರೆ ಉತ್ತರ ಸುಲಭ. ಒಂದೇ ಬಿಟ್‌ಕಾಯಿನ್ ವಿಳಾಸವನ್ನು ಕೌಂಟರ್‌ಗೆ ಅಂಟಿಸಿದರೆ, ಅದಕ್ಕೆ ಎಷ್ಟು ಹಣ ಬಂತು ಎಂದು ಗಿರಾಕಿಯೂ ನೋಡಬಹುದು, ಪೈಪೋಟಿಯವರೂ ನೋಡಬಹುದು. ಇದು ಯಾರಿಗೆ ಇಷ್ಟ ಆಗುತ್ತದೆ ಹೇಳಿ? 2014ರಲ್ಲಿ ಶುರುವಾದ ಮೊನೆರೊ ಕಳಿಸಿದವರು, ಪಡೆದವರು, ಮೊತ್ತ ಮೂರನ್ನೂ ಮರೆಮಾಡುತ್ತದೆ.

ಮಾತು ನಿಲ್ಲುವುದು "ತೆರಿಗೆಗೆ ಲೆಕ್ಕ ಹೇಗೆ ತೋರಿಸಲಿ?" ಎಂಬಲ್ಲಿ. ವ್ಯೂ ಕೀ (ನೋಡಲು ಮಾತ್ರ ಬಿಡುವ ಕೀಲಿ) ಕೊಟ್ಟರೆ ಲೆಕ್ಕ ನೋಡುವವರಿಗೆ ಒಳಬಂದ ಹಣ ಕಾಣುತ್ತದೆ, ಖರ್ಚು ಮಾಡಲು ಮಾತ್ರ ಆಗುವುದಿಲ್ಲ. ಸುಮ್ನೆ ಬಾಯಲ್ಲಿ ಹೇಳಿದರೆ ಯಾರೂ ನಂಬುತ್ತಿಲ್ಲ. ಪ್ರತಿ ಬಿಲ್‌ಗೂ ಬೇರೆ ಸಬ್‌ಅಡ್ರೆಸ್ (ಒಂದೇ ವಾಲೆಟ್‌ನ ಉಪವಿಳಾಸ) ಕೊಟ್ಟು ಹೀಗೆ ಲೆಕ್ಕ ಇಟ್ಟವರು ಇದ್ದರೆ, ಹೆಸರು, ಮೊತ್ತ ಅಳಿಸಿ ಒಂದು ಮಾದರಿ ಹಾಕುತ್ತೀರಾ? ನನಗೆ ಎಲ್ಲಕ್ಕಿಂತ ಜಾಸ್ತಿ ಬೇಕಿರುವುದು ಅದೇ.

ಇನ್ನೊಂದು ವಿಷಯ. ಬಂದ ಹಣ ಮತ್ತೆ ಖರ್ಚಿಗೆ ಸಿಗಲು 10 ಬ್ಲಾಕ್ (ವಹಿವಾಟುಗಳನ್ನು ದಾಖಲಿಸುವ ಕಂತು), ಅಂದರೆ ಸುಮಾರು 20 ನಿಮಿಷ ಬೇಕು. ಗಿರಾಕಿಯನ್ನು ಅಷ್ಟು ಹೊತ್ತು ನಿಲ್ಲಿಸಲು ಆಗುವುದಿಲ್ಲ ಅಲ್ವಾ? ಸಣ್ಣ ಮೊತ್ತವಾದರೆ ನೀವು ಎಷ್ಟು ಬ್ಲಾಕ್ ಕಾದು ಸಾಮಾನು ಕೊಡುತ್ತೀರಿ? 2024ರಲ್ಲಿ ಕ್ರಿಪ್ಟೊ ವಿನಿಮಯ ಕೇಂದ್ರ ಬೈನಾನ್ಸ್ ಮೊನೆರೊ ಕೈಬಿಟ್ಟ ಮೇಲೆ, ಕಾನೂನಿನ ಒಳಗೇ ಅದನ್ನು ನಗದು ಮಾಡಿಕೊಳ್ಳುತ್ತಿರುವ ವ್ಯಾಪಾರಿಗಳಿದ್ದರೆ ದಯವಿಟ್ಟು ಅನುಭವ ತಿಳಿಸಿ.