ಇರಬಾರದೋ, ಇರಲಾರದೋ? ಪೌಲಿ ನಿಯಮಕ್ಕೊಂದು ಹೆಸರು ಬೇಕು

ನಮಸ್ಕಾರ. ಪಿಯುಸಿ ಓದುವ ಅಕ್ಕನ ಮಗಳಿಗಾಗಿ ರಸಾಯನಶಾಸ್ತ್ರದ ನೋಟ್ಸ್ ಕನ್ನಡಕ್ಕೆ ತರುತ್ತಿದ್ದೆ. ಭೌತವಿಜ್ಞಾನಿ ವುಲ್ಫ್‌ಗಾಂಗ್ ಪೌಲಿ 1925ರಲ್ಲಿ ಹೇಳಿದ ನಿಯಮಕ್ಕೆ 'ಬಹಿಷ್ಕಾರ ತತ್ವ' ಎಂದು ಹೆಸರಿಟ್ಟು, ಕೆಳಗೆ 'ಪರಮಾಣುವಿನ ಎರಡು ಎಲೆಕ್ಟ್ರಾನುಗಳು ಒಂದೇ ಕ್ವಾಂಟಮ್ ಸ್ಥಿತಿಯಲ್ಲಿ ಇರಬಾರದು' ಎಂದು ಬರೆದೆ. (ಕ್ವಾಂಟಮ್ ಸ್ಥಿತಿ ಅಂದರೆ ಎಲೆಕ್ಟ್ರಾನ್ ಇರುವ ಬಗೆಯ ಪೂರ್ತಿ ವಿವರ.) ಓದಿದವಳೇ ಕೇಳಿದಳು: "ಇದ್ರೆ ಏನಾಗುತ್ತೆ ಮಾಮ? ಬಹಿಷ್ಕಾರ ಹಾಕೋರು ಯಾರು?"

ತಪ್ಪು ನನ್ನ ಕನ್ನಡದ್ದೇ. ಬಹಿಷ್ಕಾರ ಅಂದ ಕೂಡಲೇ ಊರ ಪಂಚಾಯಿತಿ ಕಣ್ಣಿಗೆ ಬರುತ್ತದೆ. ಜರ್ಮನ್ ಹೆಸರಿನಲ್ಲೂ 'ಹೊರಗಿಡುವುದು' ಇದೆ, ನಿಜ. ಆದರೆ ಲೆಕ್ಕದಲ್ಲಿ ಯಾರನ್ನೂ ಯಾರೂ ಹೊರಗೆ ಹಾಕುವುದಿಲ್ಲ. ಎರಡು ಎಲೆಕ್ಟ್ರಾನುಗಳನ್ನು ಅದಲು ಬದಲು ಮಾಡಿದರೆ ಅವುಗಳ ತರಂಗ ಫಲನದ (ಅವು ಎಲ್ಲಿ, ಹೇಗೆ ಇರಬಹುದು ಎಂದು ಹೇಳುವ ಗಣಿತದ ಸೂತ್ರದ) ಚಿಹ್ನೆ ತಿರುಗುತ್ತದೆ: ಕೂಡು ಇದ್ದದ್ದು ಕಳೆ ಆಗುತ್ತದೆ. ಎರಡೂ ಒಂದೇ ಸ್ಥಿತಿಯಲ್ಲಿದ್ದರೋ, ಅದಲು ಬದಲಾದದ್ದೇ ಗೊತ್ತಾಗದು. ಕಳೆ ಚಿಹ್ನೆ ಹಾಕಿದರೂ ಬದಲಾಗದ ಸಂಖ್ಯೆ ಸೊನ್ನೆಯೊಂದೇ ಅಲ್ವಾ? ಫಲನವೇ ಸೊನ್ನೆ, ಅಂದರೆ ಅಂಥ ಜೋಡಿಯೇ ಇಲ್ಲ. (ಋಣ ಆವೇಶಗಳು ಒಂದನ್ನೊಂದು ತಳ್ಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಆವೇಶವೇ ಇಲ್ಲದ ನ್ಯೂಟ್ರಾನಿಗೂ ಇದೇ ನಿಯಮ.)

ಹೀಲಿಯಂನ ಎರಡು ಎಲೆಕ್ಟ್ರಾನುಗಳು ಒಳಗಿನ ಕವಚದಲ್ಲಿ ಒಟ್ಟಿಗೇ ಇವೆ. ಸ್ಪಿನ್ (ಎರಡೇ ಬಗೆಯಲ್ಲಿರಬಲ್ಲ, ಎಲೆಕ್ಟ್ರಾನಿನ ಸಹಜ ಗುಣ) ಮಾತ್ರ ಬೇರೆ, ಹಾಗಾಗಿ ಸ್ಥಿತಿಯೂ ಬೇರೆ. ಲಿಥಿಯಂನ ಮೂರನೆಯದಕ್ಕೆ ಅಲ್ಲಿ ಸ್ಥಿತಿ ಉಳಿದಿಲ್ಲ, ಎರಡನೇ ಕವಚವೇ ಗತಿ. ಹೊರಗಿರುವ ಅದರ ಹಿಡಿತ ಸಡಿಲ. ಹೀಲಿಯಂನಿಂದ ಒಂದು ಎಲೆಕ್ಟ್ರಾನ್ ಕೀಳಲು 24.6 ಎಲೆಕ್ಟ್ರಾನ್ ವೋಲ್ಟ್ (ಶಕ್ತಿಯ ಪುಟ್ಟ ಅಳತೆ) ಬೇಕು. ಲಿಥಿಯಂಗೆ ಬರೀ 5.4 ಸಾಕು.

ಈಗ ಪದಕ್ಕೆ ಬರೋಣ. 'ಇರಬಾರದು', 'ಇರಕೂಡದು', 'ಸಲ್ಲದು' ಮೂರೂ ಕಟ್ಟಳೆಯ ಮಾತು. ಮುರಿಯುವವರು ಇದ್ದರೇನೇ ಅವಕ್ಕೆ ಕೆಲಸ. 'ಇರಲಾರವು' ವಾಸಿ. ಆದರೆ 'ನಾನು ಬರಲಾರೆ' ಅನ್ನುವಾಗ ಅರ್ಧ ಕೈಲಾಗದು, ಅರ್ಧ ಮನಸ್ಸಿಲ್ಲ. ಎಲೆಕ್ಟ್ರಾನಿಗೆ ಆ ತಾಪತ್ರಯವೇ ಇಲ್ಲ. 'ಇರಲು ಸಾಧ್ಯವಿಲ್ಲ' ವಾಕ್ಯಕ್ಕೆ ಸರಿ, ಹಾಗೇ ತಿದ್ದಿದ್ದೇನೆ.

ಹೆಸರೇ ಕೈಕೊಡುತ್ತಿದೆ. 'ಸ್ಥಿತಿಗೊಂದು ನಿಯಮ' ಅಂದರೆ ಪ್ರತಿ ಸ್ಥಿತಿಗೂ ಬೇರೆ ಬೇರೆ ನಿಯಮ ಅನ್ನಿಸುತ್ತದೆ. 'ಒಂಟಿಸ್ಥಿತಿ ನಿಯಮ' ಅಂದೆ, ಪಾಪ ಅನ್ನಿಸುತ್ತೆ ಅಂದಳು. 'ಆಗದು' ಅನ್ನುವ ಅರ್ಥ ಬರಬೇಕು, 'ಬೇಡ' ಅನ್ನುವ ಅರ್ಥ ಸುಳಿಯಬಾರದು. ಅಂಥ ಪುಟ್ಟ ಹೆಸರು ನಿಮಗೆ ಯಾರಿಗಾದರೂ ಹೊಳೆಯುತ್ತಾ?